ಅರ್ಜಿಯ ಪ್ರಬಂಧಕ್ಕೆ ಕಾವೇರಿಯೋ, ಆಲೆಮನೆಯೋ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿ, ಮಂಡ್ಯ):
ಅಮೆರಿಕದ ಕಾಲೇಜುಗಳಿಗೆ ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ) ಮೂಲಕ ಅರ್ಜಿ ಹಾಕುತ್ತಿದ್ದೇನೆ. ಮುಖ್ಯ ಪ್ರಬಂಧ 650 ಪದಗಳನ್ನು ಮೀರುವಂತಿಲ್ಲ. ಕಾವೇರಿ ವಿವಾದದ ವಿಷಯಕ್ಕೆ ತೂಕವಿದೆ ಎಂದುಕೊಂಡು, ನ್ಯಾಯಮಂಡಳಿಯ 2007ರ ತೀರ್ಪನ್ನೂ ಸುಪ್ರೀಂ ಕೋರ್ಟಿನ 2018ರ ತೀರ್ಪನ್ನೂ ಸೇರಿಸಿ ಒಂದು ಕರಡು ಸಿದ್ಧಪಡಿಸಿದೆ. ಓದಿದ ಅಕ್ಕ, ‘ಇದರಲ್ಲಿ ನೀನೆಲ್ಲಿದ್ದೀಯ?’ ಎಂದು ಕೇಳಿದಳು. ನಮ್ಮದೊಂದು ಆಲೆಮನೆ ಇದೆ. ಅದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಇಲ್ಲ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ (ಇಂಗ್ಲಿಷ್ ಅಧ್ಯಾಪಕಿ, ಮೈಸೂರು):
ನಿಮ್ಮ ಅಕ್ಕ ಕೇಳಿದ್ದು ಸರಿಯಾಗಿಯೇ ಇದೆ. 2018ರಲ್ಲಿ ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಿತೆಂಬುದನ್ನು ಅರ್ಜಿ ಓದುವವರು ಎಲ್ಲಿ ಬೇಕಾದರೂ ತಿಳಿದುಕೊಳ್ಳಬಹುದು. ಆದರೆ ನಾಲೆಗೆ ನೀರು ಬಾರದ ವರ್ಷ ಕಬ್ಬಿನ ಬದಲು ಏನು ಹಾಕುವುದೆಂದು ನಿಮ್ಮ ಮನೆಯಲ್ಲಿ ಚರ್ಚೆ ನಡೆದು, ಅದರಲ್ಲಿ ನೀವೂ ಒಂದು ಮಾತು ಆಡಿದ್ದರೆ, ಅದನ್ನು ನೀವಲ್ಲದೆ ಬೇರೆಯವರು ಬರೆಯಲಾರರು. ದಸರೆಯ ಬಗ್ಗೆ ನಮ್ಮ ಮಕ್ಕಳು ಬರೆದ ಕರಡುಗಳನ್ನು ಪ್ರತಿವರ್ಷ ಓದುತ್ತೇನೆ. ಅಂಬಾರಿ ಹೊತ್ತ ಆನೆ ಚೆನ್ನಾಗಿ ಕಾಣಿಸುತ್ತದೆ, ಬರೆದವರು ಮಾತ್ರ ಜನಜಂಗುಳಿಯಲ್ಲಿ ಕಳೆದುಹೋಗಿರುತ್ತಾರೆ.

ಉತ್ತರ (ಹಿಂದೆ ಅರ್ಜಿ ಹಾಕಿದ್ದವರು, ಶ್ರೀರಂಗಪಟ್ಟಣ):
ಚಟುವಟಿಕೆಗಳಿಗೆ ಅರ್ಜಿಯಲ್ಲಿ ಬೇರೆಯೇ ಜಾಗವಿದ್ದು, ಹತ್ತನ್ನು ನಮೂದಿಸಬಹುದು. ಆದ್ದರಿಂದ ಬಹುಮಾನಗಳನ್ನು ಪ್ರಬಂಧದಲ್ಲಿ ಮತ್ತೆ ಪೋಣಿಸಬೇಕಾಗಿಲ್ಲ. ಪ್ರಬಂಧಕ್ಕೆಂದು ಕೊಟ್ಟಿರುವ ಪ್ರಶ್ನೆಗಳಲ್ಲಿ ಏಳನೆಯದು ನಮ್ಮಿಷ್ಟದ ವಿಷಯಕ್ಕೇ ಮೀಸಲು. ಆಲೆಮನೆಯನ್ನೇ ಬರೆಯಿರಿ, ಆದರೆ ಓದುವವರ ಕನಿಕರ ಗಿಟ್ಟಿಸುವ ಕಷ್ಟದ ಕಥೆಯನ್ನಾಗಿ ಮಾಡಬೇಡಿ. ನನ್ನ ಮೊದಲ ಕರಡು ಹಾಗಾಗಿತ್ತು, ಈಗ ಓದಿದರೆ ಮುಜುಗರವಾಗುತ್ತದೆ. ಒಲೆಯ ಮುಂದೆ ನೀವು ನಿಜವಾಗಿ ಏನು ಮಾಡುತ್ತೀರಿ?

ಪ್ರಶ್ನೆ ಕೇಳಿದವರು:
ಕಬ್ಬಿನ ಹಾಲಿನ ಕಲ್ಮಶ ತೆಗೆಯಲು ಹಾಕುವ ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಕೊಪ್ಪರಿಗೆಗೆ ಅಪ್ಪ ಕೈಯಂದಾಜಿನಲ್ಲೇ ಸುಣ್ಣದ ತಿಳಿ ಹಾಕುವುದನ್ನು ನೋಡಿ, ಕಳೆದ ವರ್ಷ ಹುಳಿ-ಕ್ಷಾರ ಅಳೆಯುವ ಪಿಎಚ್ ಕಾಗದ ತಂದು ನಾನೇ ಅಳತೆ ಗೊತ್ತುಮಾಡಲು ಹೊರಟೆ. ಎರಡು ಅಡಿಗೆ (ಒಂದು ಕೊಪ್ಪರಿಗೆ ಹಾಲು ಕಾಯಿಸಿದರೆ ಒಂದು ಅಡಿಗೆ) ಕಪ್ಪಾದವು. ಮೂರನೆಯದಕ್ಕೆ ಅಪ್ಪ ಕಾಗದದ ಕಡೆ ನೋಡದೆ, ‘ಇದು ಕೂಳೆ ಕಬ್ಬಿನ (ಕೊಯ್ದ ಬುಡದಿಂದ ಮತ್ತೆ ಚಿಗುರಿದ ಕಬ್ಬಿನ) ಹಾಲು, ಅಷ್ಟು ಬೇಡ’ ಎಂದು ನನ್ನ ಕೈ ತಡೆದರು. ಇಂಥ ಸೋಲನ್ನು ಬರೆಯಬಹುದೇ?

ಉತ್ತರ (ಅಧ್ಯಾಪಕಿ):
ಬರೆಯಲೇಬೇಕು, ಕಪ್ಪಾದ ಎರಡು ಅಡಿಗೆಗಳನ್ನೂ ಬಿಡಬೇಡಿ. ಆದರೆ ಕೂಳೆ ಕಬ್ಬಿನ ಹಾಲೆಂದು ಅಪ್ಪನಿಗೆ ಬಣ್ಣದಿಂದ ತಿಳಿಯಿತೋ, ನೊರೆಯಿಂದಲೋ, ವಾಸನೆಯಿಂದಲೋ ನೀವು ಹೇಳಿಲ್ಲ. ಅವರನ್ನು ಕೇಳಿಕೊಂಡು ಬಂದು ಕರಡು ಹಾಕಿ.