ಸೊಂಟ ತುಳಿಸಬೇಡ ಕೂಸೇ

ಕೂಸೇ, ಮನೆಯವರ ಫೋನ್ ಗುಂಪಿಗೆ ನೀನು ಹಾಕಿದ ಸಂದೇಶವನ್ನು ನಿನ್ನ ಅತ್ತೆ ಈಗ ತಾನೇ ಓದಿ ಹೇಳಿದಳು. ಆ ಸಣ್ಣ ಅಕ್ಷರಗಳನ್ನು ಒತ್ತುತ್ತಾ ಕೂರಲು ನನ್ನಿಂದಾಗದು, ಅದಕ್ಕೇ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ. ಮೊದಲು ಹೇಳಿದ್ದು ಬೆರಳು ಜಾರಿ ಅರ್ಧಕ್ಕೇ ಹೋಗಿಬಿಟ್ಟಿತು, ಅದನ್ನು ಯಾರೂ ಕೇಳಬೇಡಿ. ನಿನ್ನ ಮಗ ಮಾಣಿಯ ಎಂಆರ್‌ಐ ಸ್ಕ್ಯಾನ್ ನೋಡಿ, ಸೊಂಟದ ಕೆಳಗಿನ ಎರಡು ಡಿಸ್ಕ್, ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ಸವೆದಿವೆ ಎಂದು ಬರೆದುಕೊಟ್ಟಿದ್ದಾರೆ, 24ಕ್ಕೇ ಹೀಗಾದರೆ ಮುಂದೇನು ಗತಿ, ಊರಿಗೆ ಕರೆತಂದು ಸೊಂಟ ತುಳಿಸಿದರೆ ಗುಣವಾದೀತೇ ಎಂದು ಕೇಳಿದ್ದೀಯ. ಅದರ ಕೆಳಗೇ ಹೊಸಮನೆಯ ಭಾವ, ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂಬ ನಂಬಿಕೆಯಿದೆಯಲ್ಲ, ಅಂಥವರೊಬ್ಬರು ನಮ್ಮಲ್ಲಿದ್ದಾರೆ, ಭಾನುವಾರ ಬಿಡುವಾಗಿರುತ್ತಾರೆ ಎಂದು ಬರೆದಿದ್ದಾನಂತೆ. ಅದಕ್ಕೆ ಮೂರು ಜನ ಕೈಮುಗಿಯುವ ಚಿತ್ರ ಬೇರೆ ಹಾಕಿದ್ದಾರಂತೆ.

ತುಳಿಸಬೇಡ. ಇದೊಂದು ಮಾತು ನಡೆಸಿಕೊಡು.

ನಿನ್ನ ಅಮ್ಮನ ಮದುವೆ 1977ರಲ್ಲಿ. ಆಗ ನಿನ್ನ ಈ ಮಾವನಿಗೂ 24, ಮಾಣಿಯದೇ ವಯಸ್ಸು. ಅದಕ್ಕಿಂತ ಎರಡು ವರ್ಷ ಮೊದಲೇ ಸೊಂಟ ಹಿಡಿಯಲು ಶುರುವಾಗಿತ್ತು. ಗೊಬ್ಬರದ ಹೆಡಿಗೆ ಹೊತ್ತು ತೋಟಕ್ಕೆ ಇಳಿದರೆ ಸಂಜೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಿದ್ದರು, ನಮ್ಮ ಮನೆ ಹೇಗೆಂದು ನಿಮಗೆಲ್ಲ ಗೊತ್ತೇ ಇದೆ. ಮದುವೆಯ ಹಿಂದಿನ ದಿನ ಬಚ್ಚಲಿನ ತಾಮ್ರದ ಹಂಡೆಯನ್ನು ಅಂಗಳದ ಒಲೆಗೆ ಸಾಗಿಸಬೇಕಾಯಿತು. ಅರ್ಧ ನೀರಿತ್ತು. ಚೆಲ್ಲಿ ಎತ್ತೋಣ ಎಂದೆ. ಬಾವಿಯಿಂದ ಸೇದಿದವರಿಗೆ ಗೊತ್ತು ಅದರ ಕಷ್ಟ, ಹಾಗೇ ಎತ್ತು ಎಂದರು. ಯಾರು ಎಂದು ಹೇಳುವುದಿಲ್ಲ, ಅವರ ಮಕ್ಕಳು ಈ ಗುಂಪಿನಲ್ಲೇ ಇದ್ದಾರೆ. ಬಗ್ಗಿ ಹಂಡೆಯ ಕಡಗಕ್ಕೆ ಕೈ ಹಾಕಿ, ಬಾಗಿಲು ಕಿರಿದೆಂದು ಸೊಂಟ ತಿರುಗಿಸಿ ಎತ್ತಿದೆ. ಒಣ ಅಡಿಕೆಹಾಳೆ ಮುರಿದ ಹಾಗೆ ಒಳಗೇನೋ ಆಯಿತು. ಹಂಡೆ ಬೀಳಲಿಲ್ಲ, ನಾನೂ ಬೀಳಲಿಲ್ಲ. ಧಾರೆಯ ಫೋಟೋದಲ್ಲಿ ನಾನು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದೇನೆ. ಎಲ್ಲರೂ ಅದನ್ನು ಜಂಬ ಎಂದುಕೊಂಡರು. ಅಮ್ಮನ ಆಲ್ಬಮ್ ತೆಗೆದು ನೋಡು, ಶಾಲಿನ ಒಳಗೆ ಸೊಂಟಕ್ಕೆ ಪಂಚೆ ಬಿಗಿದಿರುವುದು ಕಾಣುತ್ತದೆ.

ನಾಲ್ಕನೆಯ ದಿನ ತುಳಿಸಿದರು. ಜಗಲಿಯಲ್ಲಿ ಚಾಪೆ ಹಾಸಿ ಬೋರಲು ಮಲಗಿಸಿ, ಕಾಲು ಮುಂದಾಗಿ ಹುಟ್ಟಿದ ಒಬ್ಬರನ್ನು ಕರೆಸಿ ಎಡಗಾಲ ಹಿಮ್ಮಡಿಯಿಂದ ಮೂರು ಸಲ. ಮೊದಲ ಸಲಕ್ಕೆ ಹಗುರವೆನಿಸಿತು, ಸುಳ್ಳು ಹೇಳುವುದಿಲ್ಲ. ಎರಡನೆಯದಕ್ಕೆ ಪಿರ್ರೆಯಿಂದ ಮೀನಖಂಡದ ಪಕ್ಕಕ್ಕಾಗಿ ಪಾದದವರೆಗೆ ಕರೆಂಟು ಹೊಡೆದಂತಾಯಿತು. ಕೂಗಿಕೊಂಡೆ. ಉಳುಕು ಬಿಡುವಾಗ ಹಾಗೇ ಆಗುವುದು ಎಂದು ಮೂರನೆಯದನ್ನೂ ತುಳಿದರು.

ಮರುದಿನ ಬೆಳಿಗ್ಗೆ ತೋಟಕ್ಕೆ ಹೊರಟೆ. ಸಂಕದ, ಎಂದರೆ ಕಾಲುಸೇತುವೆಯ ಹತ್ತಿರ ಬಂದಾಗ ನೋಡುತ್ತೇನೆ, ಎಡಗಾಲಿನಲ್ಲಿ ಚಪ್ಪಲಿ ಇಲ್ಲ. ಎಲ್ಲಿ ಕಳಚಿತು ಎಂದು ತಿಳಿಯಲೇ ಇಲ್ಲ. ಹಿಂದಿರುಗಿ ಹುಡುಕಿದರೆ ಬೇಲಿ ದಾಟುವ ಉಣಗೋಲಿನ ಬುಡದಲ್ಲಿ ಬಿದ್ದಿತ್ತು. ಅಲ್ಲಿಂದ ಸಂಕದವರೆಗೆ ಕಲ್ಲು, ಮುಳ್ಳು, ಕೆಸರು ತುಳಿದುಕೊಂಡು ಬಂದಿದ್ದೇನೆ, ಕಾಲಿಗೆ ಗೊತ್ತೇ ಆಗಿಲ್ಲ. ಹಿಮ್ಮಡಿ ಊರಿ ಪಾದ ಎತ್ತಲು ನೋಡಿದೆ. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಉಣಗೋಲಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ.

ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಸಿ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಒಂದೊಂದು ತಿರುವಿಗೂ ಪ್ರಾಣ ಹೋಗಿ ಬಂದಂತಾಗುತ್ತಿತ್ತು. ಆಗ ಎಂಆರ್‌ಐ ಎಲ್ಲಿತ್ತು? ಬೆನ್ನುಹುರಿಯ ಸುತ್ತ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆಯುತ್ತಿದ್ದರು. ಡಿಸ್ಕಿನ ಒಳಗಿನ ಲೋಳೆಯಂಥ ತಿರುಳು ಹೊರಗೆ ನುಗ್ಗಿ, ಪಾದವನ್ನು ಎತ್ತಿಸುವ ನರವನ್ನು ಅದುಮಿತ್ತು. ಆಪರೇಷನ್ ಆಯಿತು, ಪಾದ ಮುಕ್ಕಾಲು ಪಾಲು ಮರಳಿ ಬಂತು. ಹೆಬ್ಬೆರಳು ಮಾತ್ರ ಇವತ್ತಿಗೂ ಮೇಲೇಳುವುದಿಲ್ಲ. ತುಳಿದವರನ್ನೇ ದೂರುವುದಿಲ್ಲ, ಹಂಡೆ ಎತ್ತಿದಾಗಲೇ ಅರ್ಧ ಹರಿದಿರಬಹುದು, ತಾನಾಗಿಯೂ ಜಾರಬಹುದಿತ್ತು ಎಂದು ಡಾಕ್ಟರೇ ಹೇಳಿದರು. ಇರಬಹುದು. ಆದರೆ ಚಪ್ಪಲಿ ಕಳಚಿದ್ದು ತುಳಿಸಿದ ಮರುದಿನ. ತುಳಿಸಬೇಡ ಕೂಸೇ. ಹೊಸಮನೆ ಭಾವ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಅವನ ಬೇಸರಕ್ಕೆ ಔಷಧಿ ಇದೆ.

ಆಪರೇಷನ್ನಿಗಿಂತ ಕಷ್ಟ ಕೊಟ್ಟದ್ದು ಆಮೇಲಿನದು. ಕೈ ಮುರಿದರೆ ಪಟ್ಟಿ ಕಾಣುತ್ತದೆ, ಜ್ವರ ಬಂದರೆ ಮೈ ಸುಡುತ್ತದೆ. ಸೊಂಟದ ನೋವು ಯಾರಿಗೆ ಕಾಣುತ್ತದೆ? ಉಂಡು ತೇಗುವಾಗ ಇಲ್ಲದ ನೋವು ಅಡಿಕೆ ಕೊನೆ ಹೊರುವಾಗ ಮಾತ್ರ ಬರುತ್ತದೆ ಎಂದು ಪಂಕ್ತಿಯಲ್ಲಿ ಎಲ್ಲರ ಎದುರಿಗೇ ಅಂದರು. ಅಡಿಕೆ ಸುಲಿಯಲು ಹೆಂಗಸರ ಸಾಲಿನಲ್ಲಿ ಕೂರಿಸಿದರು. ಸುಲಿಯುವುದು ಕೀಳು ಕೆಲಸವೆಂದು ಹೇಳುತ್ತಿಲ್ಲ, ಆದರೆ ಮೆಟ್ಟುಗತ್ತಿಯ ಮುಂದೆ ಬಗ್ಗಿ ಗಂಟೆಗಟ್ಟಲೆ ಕೂತರೆ ನನ್ನ ಸೊಂಟ ಹೊರುವಾಗಿಗಿಂತ ಹೆಚ್ಚು ನೋಯುತ್ತಿತ್ತು. ಅದು ಅವರಿಗೆ ಹೇಗೆ ತಿಳಿಯಬೇಕು? 1983ರಲ್ಲಿ ಹಿಸೆಯಾಯಿತು, ಮನೆಯ ಆಸ್ತಿ ಪಾಲಾಯಿತು. ದುಡಿದವರಿಗೆ ಕೆಳಗಿನ ತೋಟ, ಕೆಲಸಗಳ್ಳನೆನಿಸಿಕೊಂಡ ನನಗೆ ಮೇಲಿನ ಬ್ಯಾಣ, ಬರೀ ಹುಲ್ಲು ಬೆಳೆಯುವ ಜಾಗ. ನೀರಿಲ್ಲ ನೆರಳಿಲ್ಲ, ಮುಕ್ಕಾಲು ಮೈಲಿ ಏರು. ನಿನ್ನ ಅಮ್ಮ ಒಬ್ಬಳೇ ಇದು ಸರಿಯಲ್ಲ ಎಂದಳು. ಹೆಣ್ಣುಮಗಳ ಮಾತನ್ನು ಅಂದು ಯಾರು ಕೇಳಿದರು! ಸಹಿ ಹಾಕುವಾಗ ನನ್ನ ಕೈ ಏಕೆ ನಡುಗಿತು ಎಂದು ಇಷ್ಟು ವರ್ಷವಾದರೂ ಒಬ್ಬರೂ ಕೇಳಿಲ್ಲ. ಈಗ ಅದೇ ಬ್ಯಾಣಕ್ಕೆ ರಸ್ತೆ ಬಂದಿದೆ, ಈಗ ಎಲ್ಲರಿಗೂ ಅದರ ನೆನಪು.

ಇರಲಿ. ನಿನ್ನ ಅತ್ತೆ ಸಾಕು ಎಂದು ಕೈಸನ್ನೆ ಮಾಡುತ್ತಿದ್ದಾಳೆ. ಮಾಣಿಯ ವಿಷಯ ಎಲ್ಲಿಗೆ ಬಿಟ್ಟೆ?

ಹಾಂ, ಬ್ಯಾಣ. ಆ ಏರನ್ನು ದಿನಕ್ಕೆ ಎರಡು ಸಲ ಹತ್ತಿ ಇಳಿದದ್ದೇ ನನ್ನ ಸೊಂಟವನ್ನು ಉಳಿಸಿತು. ಶಿವಮೊಗ್ಗದಲ್ಲಿ ನನಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯ ಹುಡುಗಿ ಹೇಳಿದ ಮಾತಿದು. ಡಿಸ್ಕಿನ ಒಳಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆಯಂತೆ. ಅಕ್ಕಪಕ್ಕದ ಮೂಳೆಯಿಂದ ಸ್ಪಂಜಿನ ಹಾಗೆ ಆಹಾರ ಹೀರಿಕೊಂಡು ಬದುಕುವ ವಸ್ತು, ನಡೆದಾಡಿದರೆ ಅದಕ್ಕೂ ಒಳ್ಳೆಯದಂತೆ. ಆದ್ದರಿಂದ ಮಾಣಿಯನ್ನು ಊರಿಗೆ ತಂದು ತಿಂಗಳುಗಟ್ಟಲೆ ಮಲಗಿಸಬೇಡ. ನಮ್ಮ ಕಾಲದಲ್ಲಿ ಹಲಗೆಯ ಮೇಲೆ ಮಲಗಿಸುತ್ತಿದ್ದರು, ಮೂರು ವಾರ ಮಲಗಿ ಎದ್ದಾಗ ನನ್ನ ತೊಡೆ ಬಾಳೆದಿಂಡಿನ ಹಾಗಾಗಿತ್ತು. ಈಗ ಯಾರೂ ಹಾಗೆ ಹೇಳುವುದಿಲ್ಲ. ಕಂಪ್ಯೂಟರಿನ ಮುಂದೆ ಅರ್ಧ ಗಂಟೆಗೊಮ್ಮೆ ಏಳಲಿ, ನಡೆಯಲಿ, ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಕಲಿತವರಿಂದ ಕಲಿಯಲಿ. ಸಿಗರೇಟು ಇದ್ದರೆ ಬಿಡಲಿ. ಇದೆ ಎಂದು ನಾನು ಹೇಳುತ್ತಿಲ್ಲ, ಇದ್ದರೆ.

ರಿಪೋರ್ಟಿನ ಪದಕ್ಕೆ ಹೆದರಿ ಅಳಬೇಡ. ಆ ಹುಡುಗಿ 2015ರ ಒಂದು ಸಮೀಕ್ಷೆಯನ್ನು ಮೊಬೈಲಿನಲ್ಲಿ ತೋರಿಸಿದ್ದಳು. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನಿನ ಲೆಕ್ಕ. ಅದರಲ್ಲಿ 20ರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆದಿತ್ತು, 80ಕ್ಕೆ ಬಂದರೆ 96 ಮಂದಿಗೆ. ಹಾಗಾಗಿ ಸ್ಕ್ಯಾನಿನಲ್ಲಿ ಕಂಡ ಸವೆತವೇ ಮಾಣಿಯ ನೋವಿಗೆ ಕಾರಣ ಎನ್ನುವಂತೆಯೂ ಇಲ್ಲ. ಅದನ್ನು ಅವನನ್ನು ಕೂರಿಸಿ, ನಿಲ್ಲಿಸಿ, ಕಾಲೆತ್ತಿಸಿ ನೋಡುವ ಡಾಕ್ಟರು ಹೇಳಬೇಕು. ಅವನ ಮದುವೆಗೆ ಹುಡುಗಿ ನೋಡುವ ಮಾತನ್ನೂ ನಿಲ್ಲಿಸಬೇಡ. ನನಗೆ ಮದುವೆಯಾಗಿ ಮೂವರು ಮಕ್ಕಳಾಗಲಿಲ್ಲವೇ?

ಅಯ್ಯೋ, ಮುಖ್ಯವಾದದ್ದೇ ಉಳಿಯಿತು, ಇದನ್ನು ಮೊದಲೇ ಹೇಳಬೇಕಿತ್ತು. ಈವತ್ತೇ ಅವನಿಗೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಲು ಹೇಳು. ಒಂದು ಪಾದ ಮೇಲೇಳದಿದ್ದರೆ, ಚಪ್ಪಲಿ ಕಳಚಿದ್ದು ತಿಳಿಯದಿದ್ದರೆ, ಮುಂದಿನ ವಾರದ ಅಪಾಯಿಂಟ್‌ಮೆಂಟ್ ಎಂದು ಕಾಯದೆ ಕೂಡಲೇ ಡಾಕ್ಟರಿಗೆ ತೋರಿಸಲಿ. ತೊಡೆಯ ಸಂದಿ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಮೂತ್ರ ಬಾರದೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಎರಡೂ ಕಾಲು ಸೋತರೆ, ಮಧ್ಯರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ನಾಚಿಕೆಯಿಂದ ನಿನಗೆ ಹೇಳದೆ ಇರಬಹುದು, ಅವನ ಅಪ್ಪನಿಂದ ಕೇಳಿಸು. ಇಷ್ಟು ಭಾಗವನ್ನು ಮಾತ್ರ ಅವನಿಗೆ ಕಳಿಸು, ಹಿಸೆಯ ಮಾತು ಬೇಡ. ಎಂಟು ಗಂಟೆಯ ಮೇಲೆ ಅವನೇ ಫೋನ್ ಮಾಡಲಿ, ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿರುತ್ತೇನೆ.