ಸಹಾಯ ಬೇಕು: 68 ವರ್ಷದವರಿಗೆ ಹಲ್ಲು, ಕಣ್ಣು ಎರಡಕ್ಕೂ ಆಗುವ ಪಾಲಿಸಿ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿರುವ ನಮ್ಮ ಅತ್ತೆಯವರಿಗೆ ಆರೋಗ್ಯ ವಿಮೆ ಪಾಲಿಸಿ ನೋಡುತ್ತಿದ್ದೇವೆ. ಸಕ್ಕರೆ ಕಾಯಿಲೆ ಇದೆ, ಎರಡೂ ಕಣ್ಣಿಗೆ ಪೊರೆ ಶುರುವಾಗಿದೆ, ಕೆಳಗಿನ ಹಲ್ಲಿನ ಸೆಟ್ಟು ಹೊಸದಾಗಿ ಆಗಬೇಕು. ಮೈಸೂರಿನಲ್ಲಿ ಕ್ಯಾಶ್‌ಲೆಸ್ (ಆಸ್ಪತ್ರೆಗೆ ಕಂಪನಿಯೇ ನೇರ ಕಟ್ಟುವುದು) ಸಿಗಬೇಕು.

ಏಜೆಂಟರ "ಎಲ್ಲಾ ಕವರ್ ಆಗುತ್ತೆ ಸಾರ್" ಬೇಡ. ಪಾಲಿಸಿ ಪತ್ರ ಓದಿದವರು ಹೇಳಿ.

ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹಲ್ಲಿಗೆ ದುಡ್ಡು ಬರುವುದು ಹೆಚ್ಚಾಗಿ ಅಪಘಾತದಲ್ಲಿ ಪೆಟ್ಟಾದರೆ ಮಾತ್ರ. ರೂಟ್ ಕೆನಾಲ್, ಕ್ಯಾಪು, ಸೆಟ್ಟಿಗೆ ಓಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ) ಸೌಲಭ್ಯ ಬೇರೆಯಾಗಿ ತಗೋಬೇಕು. ಆ ಓಪಿಡಿಯಲ್ಲಿ ವರ್ಷಕ್ಕೆ ಹಲ್ಲಿಗೆ ಎಷ್ಟು, ಕನ್ನಡಕಕ್ಕೆ ಎಷ್ಟು, ಸೆಟ್ಟು ಸೇರುತ್ತದೋ ಇಲ್ಲವೋ? ಕಟ್ಟುವ ಹೆಚ್ಚುವರಿ ಪ್ರೀಮಿಯಂ ಸಿಗುವ ಮಿತಿಯ ಹತ್ತಿರಕ್ಕೇ ಬಂದರೆ ಆ ದುಡ್ಡನ್ನು ಬ್ಯಾಂಕಿನಲ್ಲಿಡುವುದೇ ವಾಸಿ.

ಪೊರೆ ಆಪರೇಷನ್ ಡೇ ಕೇರ್‌ನಲ್ಲಿ (ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ) ಬರುತ್ತದೆ, ಆದರೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಮಿತಿಯೂ ಇರುತ್ತದೆ: ಬೇರೆ ಬೇರೆ ಕಂಪನಿಗಳು ಒಂದೇ ನಿಯಮದಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು, ಮೇಲೆ ಶೇ. 5 ಕೋ-ಪೇ (ಕ್ಲೇಮಿನಲ್ಲಿ ನಾವೇ ಕೊಡಬೇಕಾದ ಪಾಲು). ಮಿತಿ ಮೀರಿದ ಲೆನ್ಸ್ ಹಾಕಿಸಿದರೆ ಉಳಿದದ್ದು ಕೈಯಿಂದ. ಪೊರೆಗೆ 2 ವರ್ಷಕ್ಕಿಂತ ಕಡಿಮೆ ಕಾಯುವ ಪಾಲಿಸಿ ಯಾವುದಾದರೂ ಇದೆಯೇ?

ಸಕ್ಕರೆ ಕಾಯಿಲೆ, ಪೊರೆ ಎರಡನ್ನೂ ಅರ್ಜಿಯಲ್ಲಿ ಬರೆಯುತ್ತೇವೆ. ಮುಚ್ಚಿಡಿ ಎಂಬ ಸಲಹೆ ಬೇಡ, ಕ್ಲೇಮ್ ಹೊತ್ತಿಗೆ ಆಸ್ಪತ್ರೆಯ ಹಳೇ ಚೀಟಿ ಹೊರಗೆ ಬಂದೇ ಬರುತ್ತದೆ.

ಹಲ್ಲಿನ ಸೆಟ್ಟಿಗೆ ಪಾಲಿಸಿ ಸಿಗುವವರೆಗೆ ಕಾಯಲಾಗದು. ಮೈಸೂರಿನ ಡೆಂಟಲ್ ಕಾಲೇಜಿನಲ್ಲಿ ಇತ್ತೀಚೆಗೆ ಮಾಡಿಸಿದವರು ಖರ್ಚು ಎಷ್ಟಾಯಿತು, ಎಷ್ಟು ಸಲ ಓಡಾಡಬೇಕಾಯಿತು ತಿಳಿಸಿ.