ಪದಚರ್ಚೆ: ಕ್ಷಯದ ಚಿಕಿತ್ಸೆಯಲ್ಲಿ ‘ಡಿಫಾಲ್ಟರ್’ಗೆ ಕನ್ನಡದಲ್ಲಿ ಏನು?
ಪ್ರಶ್ನೆ: ಆಶಾ ಕಾರ್ಯಕರ್ತೆಯರ ಕೈಪಿಡಿಯಲ್ಲಿ ‘ಡಿಫಾಲ್ಟರ್’ಗೆ, ಅಂದರೆ ಚಿಕಿತ್ಸೆಯನ್ನು ನಡುವೆ ಬಿಟ್ಟವರಿಗೆ, ಬ್ಯಾಂಕಿನವರ ‘ಸುಸ್ತಿದಾರ’ ಒಗ್ಗೀತೆ? ಹೇಳಿದ ಹಾಗೆ ಔಷಧ ತೆಗೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿರುವ ‘ಕಂಪ್ಲಯನ್ಸ್’, ‘ಅಡ್ಹಿಯರೆನ್ಸ್’ ಎರಡಕ್ಕೂ ‘ಪಾಲನೆ’ ಸಾಕೇ?

ಉತ್ತರ: ಸುಸ್ತಿದಾರ ಬೇಡವೇ ಬೇಡ. ಅದರ ಹಿಂದೆಯೇ ಸಾಲ, ನೋಟಿಸು, ಜಪ್ತಿ ಎಲ್ಲ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಡಿಫಾಲ್ಟ್ ಎಂಬುದನ್ನು ಕೈಬಿಟ್ಟು ‘ಲಾಸ್ಟ್ ಟು ಫಾಲೋ ಅಪ್’ ಎಂದಿತು. ‘ಸಂಪರ್ಕ ತಪ್ಪಿದವರು’ ಎನ್ನಬಹುದು.

‘ಮಾತ್ರೆ ತಪ್ಪಿಸಿದರು’ ಎಂದರೆ ಬೇಕೆಂದೇ ಮಾಡಿದ ಹಾಗೆ. ‘ಮಾತ್ರೆ ತಪ್ಪಿತು’ ಎಂದರೆ ಕಾರಣ ಕೇಳಲು ಜಾಗ ಉಳಿಯುತ್ತದೆ. ಕಾರಣಗಳೂ ಇರುತ್ತವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ಇಳಿದು ಹಸಿವಾಗತೊಡಗುತ್ತದೆ. ವಾಸಿಯಾಯಿತು ಅಂದುಕೊಂಡು ಮಾತ್ರೆ ಬಿಡುವುದು ಆಗಲೇ. ಈ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಇದು ಅಪಾಯವಲ್ಲ ಎಂದು ಮೊದಲ ದಿನವೇ ಹೇಳದಿದ್ದರೆ ರಕ್ತವೆಂದು ಹೆದರಿ ನಿಲ್ಲಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದವರೂ ಅಷ್ಟೇ. ಕಬ್ಬು ಕಡಿಯಲು ಗುಳೆ ಹೋದವರಿಗೆ ಅಲ್ಲಿ ಮಾತ್ರೆ ಎಲ್ಲಿ ಸಿಗುತ್ತದೆಂದು ಗೊತ್ತಿರುವುದಿಲ್ಲ. ಹೊರಡುವ ಮೊದಲೇ ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ವರ್ಗಾವಣೆ ಮಾಡಿಸಬೇಕು. ಆಶಾ ಮನೆ ಬಾಗಿಲಿಗೆ ಬಂದರೆ ಓಣಿಗೆಲ್ಲ ಸುದ್ದಿಯಾಗುತ್ತದೆ, ಮಗಳ ಸಂಬಂಧ ಕೆಡುತ್ತದೆ ಎಂದು ಬೇರೆ ವಿಳಾಸ ಕೊಡುವವರಿದ್ದಾರೆ. ಇವರನ್ನೆಲ್ಲ ಒಂದೇ ಪದದಲ್ಲಿ ಕಟ್ಟಿದರೆ ಕಾರ್ಯಕರ್ತೆಗೆ ಉಳಿಯುವುದು ಗದರುವ ಕೆಲಸ. ಗದರಿಸಿಕೊಂಡವರು ಮತ್ತೆ ಸಿಗುವುದಿಲ್ಲ.

‘ಪಾಲನೆ’ ಕಂಪ್ಲಯನ್ಸ್‌ಗೆ ಸರಿ: ವೈದ್ಯರ ಆಜ್ಞೆ, ರೋಗಿಯ ಪಾಲನೆ. ಅಡ್ಹಿಯರೆನ್ಸ್‌ನಲ್ಲಿ ರೋಗಿಯ ಒಪ್ಪಿಗೆಯೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಅದಕ್ಕೆ ಐದು ಮಗ್ಗುಲು ಹೇಳಿತು: ಬಡತನದಂಥ ಸಾಮಾಜಿಕ ಸ್ಥಿತಿ, ಆರೋಗ್ಯ ವ್ಯವಸ್ಥೆ, ಕಾಯಿಲೆ, ಚಿಕಿತ್ಸೆ, ರೋಗಿ. ‘ಚಿಕಿತ್ಸಾನಿಷ್ಠೆ’ ಕೇಳಲು ಚೆಂದ, ಆದರೆ ನಿಷ್ಠೆ ಮತ್ತೆ ರೋಗಿಯೊಬ್ಬರ ತಲೆಗೇ ಬರುತ್ತದೆ. ಕೋಷ್ಟಕದ ತಲೆಬರಹಕ್ಕೆ ‘ಅನುಸರಣೆ’ ಇರಲಿ, ವಾಕ್ಯದೊಳಗೆ ‘ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳುವುದು’ ಎಂದೇ ಬರೆಯಿರಿ.

ನಮೂನೆಯಲ್ಲಿ ‘ಯಾಕೆ ಬಿಟ್ಟಿರಿ?’ ಎಂಬುದನ್ನೂ ತೆಗೆಯಿರಿ. ‘ಹೋದ ವಾರ ಎಷ್ಟು ದಿನ ಮಾತ್ರೆ ತಪ್ಪಿತು? ಆವತ್ತು ಏನಾಗಿತ್ತು?’ ಎಂದು ಕೇಳಿದರೆ ನಿಜವಾದ ಲೆಕ್ಕ ಸಿಗುತ್ತದೆ.